‘ಡಿಸ್ಟಿಂಗ್ವಿಶ್’ ಎಂಬ ಕ್ರಿಯಾಪದದ ಬಳಕೆ

ಕನ್ನಡ ಮಾಧ್ಯಮದಲ್ಲಿ ಕಲಿಯುವ ನಮ್ಮ ಮಕ್ಕಳು ಹತ್ತನೆಯ ತರಗತಿಯ ತನಕ ‘ವ್ಯತ್ಯಾಸ ತಿಳಿಸಿರಿ’ ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಬರೆದಿರುತ್ತಾರೆ. ಪ್ಲಸ್ ಟು ತರಗತಿಗೆ ಸೇರಿದೊಡನೆ ಅದೇ ಪ್ರಶ್ನೆ ‘ಡಿಸ್ಟಿಂಗ್ವಿಶ್ ಬಿಟ್ವೀನ್’ ಎಂದು ಬೇರೆ ವೇಷ ಕಟ್ಟಿಕೊಂಡು ಎದುರಿಗೆ ಬಂದು ನಿಲ್ಲುತ್ತದೆ. ವಿಷಯ ಚೆನ್ನಾಗಿ ಗೊತ್ತಿರುವ ಮಕ್ಕಳೂ ಆಗ ವಾಕ್ಯ ಕಟ್ಟುವಲ್ಲಿ ಮುಗ್ಗರಿಸುತ್ತಾರೆ. ಇದಕ್ಕೆ ಅವರ ಅಲಕ್ಷ್ಯ ಕಾರಣವೆಂದು ನಮಗೆ ತೋರುವುದಿಲ್ಲ. ನಮ್ಮ ವಿಭಕ್ತಿ ಪ್ರತ್ಯಯಗಳಿಗೂ ಇಂಗ್ಲಿಷಿನ ಚಿಕ್ಕ ಚಿಕ್ಕ ಶಬ್ದಗಳಿಗೂ ಹೊಂದಿಕೆಯಾಗದ ಒಂದು ಜಾಗ ಇಲ್ಲಿದೆ. ಆ ಜಾಗವನ್ನು ತೋರಿಸಿಕೊಟ್ಟರೆ ತಪ್ಪುಗಳು ಬಹುಪಾಲು ತಾವಾಗಿಯೇ ಕಡಿಮೆಯಾದಾವು.

ಮೊದಲು ಅರ್ಥವನ್ನು ನೋಡೋಣ. ಅಡಿಕೆ ಸುಲಿದು ರಾಶಿ ಹಾಕಿದ ಮನೆಯ ಮಕ್ಕಳಿಗೆ ಇದು ಸುಲಭ. ಚಾಲಿ ಅಡಿಕೆಯ ರಾಶಿಯ ಮುಂದೆ ಕುಳಿತ ಅಜ್ಜಿ ಪಟೋರವನ್ನು ಒಂದು ಕಡೆಗೆ, ಕರಿಗೋಟನ್ನು ಇನ್ನೊಂದು ಕಡೆಗೆ ಹೆಕ್ಕಿ ಹಾಕುತ್ತಾರೆ. ಕೈ ಮಾಡುವ ಆ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಸೆಪರೇಟ್’ ಎನ್ನಬಹುದು. ಆದರೆ ಕೈ ಚಾಚುವ ಮೊದಲೇ ಕಣ್ಣು ‘ಇದು ಒಳ್ಳೆಯದು, ಇದು ಕರಿಗೋಟು’ ಎಂದು ತೀರ್ಮಾನಿಸಿರುತ್ತದಲ್ಲ, ಆ ಕೆಲಸ ‘ಡಿಸ್ಟಿಂಗ್ವಿಶ್’. ಅದು ಕಣ್ಣಿನ ಮತ್ತು ಬುದ್ಧಿಯ ಕೆಲಸ. ರಾಶಿಯನ್ನು ಮುಟ್ಟದೆಯೇ ಅದನ್ನು ಮಾಡಬಹುದು.

ನಮ್ಮ ‘ಗುರುತಿಸು’ ಎಂಬ ಶಬ್ದ ತುಂಬ ಉದಾರವಾದುದು. ದೂರದಿಂದ ಬರುವ ಮಾವನನ್ನು ನಡಿಗೆ ನೋಡಿ ಗುರುತಿಸಿದರೂ ಗುರುತಿಸಿದ್ದೇ, ಅವಳಿ ಮಕ್ಕಳಲ್ಲಿ ಯಾರು ಯಾರೆಂದು ತಿಳಿದರೂ ಗುರುತಿಸಿದ್ದೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ರೆಕಗ್ನೈಸ್’ ಎಂಬ ಬೇರೆ ಶಬ್ದವಿದೆ. ನಾವು ಹೇಳುತ್ತಿರುವ ಅರ್ಥದಲ್ಲಿ ‘ಡಿಸ್ಟಿಂಗ್ವಿಶ್’ ಬರಬೇಕಾದರೆ ಕಡಿಮೆಯೆಂದರೆ ಎರಡು ವಸ್ತುಗಳು ಬೇಕು, ಒಂದನ್ನು ಇನ್ನೊಂದೆಂದು ತಿಳಿದುಬಿಡುವ ಸಂಭವವೂ ಇರಬೇಕು.

ಇನ್ನು ವಿಭಕ್ತಿಯ ಮಾತು. ಕನ್ನಡದಲ್ಲಿ ನಾವು ‘ನಾಗರಹಾವಿಗೂ ಕೇರೆಹಾವಿಗೂ ವ್ಯತ್ಯಾಸ ತಿಳಿಯಬೇಕು’ ಎನ್ನುತ್ತೇವೆ. ಎರಡು ಕಡೆಯೂ ಚತುರ್ಥೀ ವಿಭಕ್ತಿ. ಈ ‘ಗೆ’ ಪ್ರತ್ಯಯಕ್ಕೆ ಇಂಗ್ಲಿಷಿನಲ್ಲಿ ‘ಟು’ ಎಂದು ಚಿಕ್ಕಂದಿನಲ್ಲೇ ಕಲಿತಿರುವ ವಿದ್ಯಾರ್ಥಿ ‘ಡಿಸ್ಟಿಂಗ್ವಿಶ್ ಎ ಕೋಬ್ರಾ ಟು ಎ ರ‍್ಯಾಟ್ ಸ್ನೇಕ್’ ಎಂದು ಬರೆಯುತ್ತಾನೆ. ಇದು ತಪ್ಪು. ಈ ಕ್ರಿಯಾಪದದ ಜೊತೆಗೆ ಎರಡು ವಸ್ತುಗಳನ್ನು ಹೇಳಲು ಇರುವ ದಾರಿಗಳು ಮುಖ್ಯವಾಗಿ ಎರಡು. ‘ಡಿಸ್ಟಿಂಗ್ವಿಶ್ ಎ ಕೋಬ್ರಾ ಫ್ರಮ್ ಎ ರ‍್ಯಾಟ್ ಸ್ನೇಕ್’ ಎನ್ನುವುದು ಒಂದು. ‘ಡಿಸ್ಟಿಂಗ್ವಿಶ್ ಬಿಟ್ವೀನ್ ಎ ಕೋಬ್ರಾ ಆ್ಯಂಡ್ ಎ ರ‍್ಯಾಟ್ ಸ್ನೇಕ್’ ಎನ್ನುವುದು ಇನ್ನೊಂದು. ‘ಬಿಟ್ವೀನ್’ ಬಂದರೆ ಅದರ ಜೋಡಿಗೆ ‘ಆ್ಯಂಡ್’ ಬರಲೇಬೇಕು. ‘ಬಿಟ್ವೀನ್’ ಎಂದು ಶುರುಮಾಡಿ ‘ಫ್ರಮ್’ ಎಂದು ಮುಗಿಸಿದರೆ ಎರಡು ದೋಣಿಗಳಲ್ಲಿ ಕಾಲಿಟ್ಟಂತೆ. ಮಲಯಾಳ ಬಲ್ಲ ನಮ್ಮ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವಿದೆ. ಮಲಯಾಳದಲ್ಲಿ ವ್ಯತ್ಯಾಸ ಹೇಳುವಾಗ ಬರುವ ‘ತಮ್ಮಿಲ್’ ಎಂಬ ಶಬ್ದ ಈ ‘ಬಿಟ್ವೀನ್’ ಶಬ್ದಕ್ಕೆ ಸರಿಯಾಗಿ ಹೊಂದುತ್ತದೆ. ‘ಗೂ... ಗೂ’ ನಾಲಿಗೆಗೆ ಬಂದಾಗ ‘ತಮ್ಮಿಲ್’ ನೆನಪು ಮಾಡಿಕೊಂಡರೆ ಕೈ ತಪ್ಪುವುದಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ‘ಇಂದ’ ಪ್ರತ್ಯಯದ್ದು. ಯಾವ ಲಕ್ಷಣದಿಂದ ಗುರುತಿಸಿದೆವು ಎಂದು ಹೇಳುವಾಗ ಕನ್ನಡದಲ್ಲಿ ತೃತೀಯಾ: ‘ಹೆಡೆಯಿಂದ ಗುರುತಿಸಿದೆವು’. ಯಾವುದರಿಂದ ಬೇರೆಮಾಡಿದೆವು ಎಂದು ಹೇಳುವಾಗಲೂ ಬಾಯಲ್ಲಿ ಬರುವುದು ಅದೇ ‘ಇಂದ’: ‘ಕೇರೆಹಾವಿನಿಂದ ಬೇರೆ’. ವ್ಯಾಕರಣ ಪುಸ್ತಕದಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡುತ್ತೇವೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ‘ಅತ್ತಣಿಂ’ ಎಂದು ಬೇರೆಯೇ ಪ್ರತ್ಯಯ ಕೊಟ್ಟಿದ್ದಾನೆ. ಆದರೆ ‘ಮರದ ದೆಸೆಯಿಂದ ಕಾಯಿ ಬಿತ್ತು’ ಎಂದು ಅಂಗಳದಲ್ಲಿ ಯಾರೂ ಹೇಳುವುದಿಲ್ಲ. ಹೀಗೆ ನಮ್ಮಲ್ಲಿ ಒಂದೇ ಪ್ರತ್ಯಯ ಎರಡು ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಆ ಎರಡು ಕೆಲಸಗಳಿಗೆ ಇಬ್ಬರು ಆಳುಗಳು: ಲಕ್ಷಣಕ್ಕೆ ‘ಬೈ’, ಬೇರೆಮಾಡಿದ ವಸ್ತುವಿಗೆ ‘ಫ್ರಮ್’. ‘ಎ ಕೋಬ್ರಾ ಈಸ್ ಡಿಸ್ಟಿಂಗ್ವಿಶ್ಡ್ ಫ್ರಮ್ ಎ ರ‍್ಯಾಟ್ ಸ್ನೇಕ್ ಬೈ ಇಟ್ಸ್ ಹುಡ್’. ಇಲ್ಲಿ ‘ಫ್ರಮ್’ ಮತ್ತು ‘ಬೈ’ ಅದಲುಬದಲಾದರೆ ನಾಗರಹಾವನ್ನು ಅದರ ಹೆಡೆಯಿಂದಲೇ ಕಿತ್ತು ಬೇರೆಮಾಡಿದಂತಾಗುತ್ತದೆ!

ಪ್ರಾಸಂಗಿಕವಾಗಿ ಒಂದು ಮಾತು. ನಾಗರಹಾವು ಬೆದರಿದಾಗ ಮಾತ್ರ ಹೆಡೆಯೆತ್ತುತ್ತದೆ. ಸುಮ್ಮನೆ ಹರಿದುಹೋಗುವಾಗ ಅದು ಕೇರೆಯಂತೆಯೇ ಕಾಣಬಹುದು. ಆದುದರಿಂದ ವಾಕ್ಯ ಸರಿಯಾಯಿತೆಂದು ತೋಟದಲ್ಲಿ ಹಾವಿನ ಹತ್ತಿರ ಹೋಗುವುದು ಬೇಡ. ಇಲಿ ಹಿಡಿಯುವ ಬಡಪಾಯಿ ಕೇರೆಯನ್ನು ನಾಗನೆಂದು ಬಡಿಯುವುದೂ ಬೇಡ.

ಇನ್ನೊಂದು ತಪ್ಪನ್ನೂ ಇಲ್ಲೇ ಹೇಳಿಬಿಡಬೇಕು. ‘ತಾಮ್ರವು ಕಬ್ಬಿಣಕ್ಕಿಂತ ಬೇರೆಯಾಗಿದೆ’ ಎಂಬ ಅರ್ಥದಲ್ಲಿ ‘ಕಾಪರ್ ಡಿಸ್ಟಿಂಗ್ವಿಶಸ್ ಫ್ರಮ್ ಐರನ್’ ಎಂದು ಬರೆಯಬಾರದು. ತಾಮ್ರ ತಾನಾಗಿ ಏನನ್ನೂ ವಿಂಗಡಿಸುವುದಿಲ್ಲ. ವಸ್ತುಗಳು ತಮ್ಮಷ್ಟಕ್ಕೆ ಬೇರೆಯಾಗಿರುವುದಕ್ಕೆ ‘ಡಿಫರ್’ ಎಂಬ ಕ್ರಿಯಾಪದವಿದೆ: ‘ಕಾಪರ್ ಡಿಫರ್ಸ್ ಫ್ರಮ್ ಐರನ್’. ವಿಂಗಡಿಸುವವರು ನಾವು, ಇಲ್ಲವೆ ಆ ವಸ್ತುವಿನ ಲಕ್ಷಣ. ‘ಇಟ್ಸ್ ಕಲರ್ ಡಿಸ್ಟಿಂಗ್ವಿಶಸ್ ಕಾಪರ್ ಫ್ರಮ್ ಐರನ್’ ಎಂದರೆ ಸರಿ. ‘ಡಿಫರೆನ್ಶಿಯೇಟ್’ ಎಂಬುದನ್ನೂ ಇದೇ ಅರ್ಥದಲ್ಲಿ ಬಳಸುತ್ತಾರೆ, ‘ಫ್ರಮ್’, ‘ಬಿಟ್ವೀನ್’ಗಳ ನಿಯಮ ಅದಕ್ಕೂ ಒಂದೇ. ಆದರೆ ಪ್ಲಸ್ ಟುವಿನ ಗಣಿತದಲ್ಲಿ ಅದು ಕಾಣಿಸಿಕೊಂಡರೆ ವ್ಯತ್ಯಾಸ ಬರೆಯಲು ಕೂರಬೇಡಿ. ಅಲ್ಲಿ ಅದು ಬೇರೆಯೇ ಒಂದು ಲೆಕ್ಕ.

ಪರೀಕ್ಷೆಯ ಉತ್ತರಕ್ಕೆ ಬರೋಣ. ‘ಡಿಸ್ಟಿಂಗ್ವಿಶ್ ಬಿಟ್ವೀನ್ ಮಾಸ್ ಆ್ಯಂಡ್ ವೆಯ್ಟ್’, ಅಂದರೆ ದ್ರವ್ಯರಾಶಿಗೂ ತೂಕಕ್ಕೂ ಇರುವ ವ್ಯತ್ಯಾಸ ಕೇಳಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬ ವಿದ್ಯಾರ್ಥಿ ‘ದ್ರವ್ಯರಾಶಿಯ ಮಾನ ಕಿಲೋಗ್ರಾಂ, ತೂಕ ಚಂದ್ರನ ಮೇಲೆ ಕಡಿಮೆಯಾಗುತ್ತದೆ’ ಎಂದು ಬರೆಯುತ್ತಾನೆ. ಎರಡೂ ನಿಜ. ಆದರೆ ಒಂದರಲ್ಲಿ ಮಾನದ ಮಾತು, ಇನ್ನೊಂದರಲ್ಲಿ ಸ್ಥಳದ ಮಾತು. ಎರಡೂ ಒಂದನ್ನೊಂದು ಮುಟ್ಟಲೇ ಇಲ್ಲ. ‘ಬಿಟ್ವೀನ್’ ಎಂಬ ಶಬ್ದ ಕೇಳುವುದು ಒಂದೇ ತಕ್ಕಡಿಯನ್ನು. ಮಾನದ ಮಾತು ಬಂದರೆ ದ್ರವ್ಯರಾಶಿಗೆ ಕಿಲೋಗ್ರಾಂ, ತೂಕಕ್ಕೆ ನ್ಯೂಟನ್. ಸ್ಥಳದ ಮಾತು ಬಂದರೆ 6 ಕಿಲೋಗ್ರಾಂ ದ್ರವ್ಯರಾಶಿಯ ವಸ್ತು ಭೂಮಿಯಲ್ಲೂ ಚಂದ್ರನಲ್ಲೂ 6 ಕಿಲೋಗ್ರಾಂ ಆಗಿಯೇ ಇರುತ್ತದೆ. ಅದರ ತೂಕವಾದರೋ ಭೂಮಿಯ ಮೇಲೆ ಸುಮಾರು 59 ನ್ಯೂಟನ್, ಚಂದ್ರನ ಮೇಲೆ ಸುಮಾರು 10 ನ್ಯೂಟನ್. ಹೀಗೆ ಸಾಲಿಗೆ ಸಾಲು ಎದುರುಬದುರಾಗಿ ನಿಂತರೆ ಮಾತ್ರ ಅದು ವ್ಯತ್ಯಾಸ.

ಈ ಕ್ರಿಯಾಪದದ ಕುಟುಂಬದವರನ್ನು ಹೆತ್ತವರೂ ಬಲ್ಲರು. ವಾರ್ಷಿಕೋತ್ಸವದ ಆಮಂತ್ರಣದಲ್ಲಿ ‘ಡಿಸ್ಟಿಂಗ್ವಿಶ್ಡ್ ಗೆಸ್ಟ್’ ಎಂದರೆ ಹತ್ತು ಜನರಲ್ಲಿ ಎದ್ದುಕಾಣುವ ಗಣ್ಯರು. ಕೇರಳದ ಎಸ್.ಎಸ್.ಎಲ್.ಸಿ.ಗೆ 2005ರಲ್ಲಿ ಗ್ರೇಡ್ ಪದ್ಧತಿ ಬರುವ ಮುಂಚೆ ‘ಡಿಸ್ಟಿಂಕ್ಷನ್’ ಬಂತೆಂದು ಸಿಹಿ ಹಂಚಿದ ಮನೆಗಳೂ ಇದ್ದುವು. ಬರೆಯುವಾಗ ‘ಜಿ’ ಅಕ್ಷರದ ಬಳಿಕ ‘ಯು’, ಅದರ ಬಳಿಕ ‘ಐ’ ಎಂಬುದನ್ನು ಮರೆಯಬಾರದು. ಹೆಚ್ಚಿನವರು ಬಿಟ್ಟುಬಿಡುವುದು ಆ ‘ಐ’ ಅಕ್ಷರವನ್ನು.

ಕೊನೆಯದಾಗಿ, ಇದರ ಹತ್ತಿರದ ನೆಂಟನೊಬ್ಬನ ಬಗ್ಗೆ ಎಚ್ಚರಿಕೆ ಬೇಕು: ‘ಡಿಸ್ಕ್ರಿಮಿನೇಟ್’. ‘ಬಿಟ್ವೀನ್’ ಜೊತೆಗೆ ಬಂದಾಗ ಅದು ಬಹುಮಟ್ಟಿಗೆ ವಿವೇಚಿಸುವುದೇ ಆಗಿರುತ್ತದೆ. ‘ಅಗೇನ್ಸ್ಟ್’ ಜೊತೆಗೆ ಬಂತೆಂದರೆ ಪಕ್ಷಪಾತ, ಭೇದಭಾವ. ಭಾರತದ ಸಂವಿಧಾನದ 15ನೆಯ ವಿಧಿಯಲ್ಲಿ ಬರುವುದು ಈ ಎರಡನೆಯ ರೂಪ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇಷ್ಟನ್ನೇ ಕಾರಣ ಮಾಡಿಕೊಂಡು ಸರಕಾರವು ಯಾವ ಪ್ರಜೆಗೂ ಭೇದ ಮಾಡಕೂಡದು. ಭಾಷಾ ಅಲ್ಪಸಂಖ್ಯಾತರಾದ ನಮಗೆ 30ನೆಯ ವಿಧಿ ಇನ್ನೂ ಹತ್ತಿರದ್ದು. ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ಒಂದು ವಿದ್ಯಾಸಂಸ್ಥೆಗೆ ಸಹಾಯಧನ ಕೊಡುವುದರಲ್ಲಿ ಭೇದ ಮಾಡಕೂಡದೆಂದು ಅಲ್ಲಿದೆ, ಅಲ್ಲಿರುವುದೂ ಇದೇ ಕ್ರಿಯಾಪದ.

ಗಡಿನಾಡಿನಲ್ಲಿ ಅರ್ಜಿ ಬರೆಯುವ ಸಂದರ್ಭ ಯಾರಿಗೂ ತಪ್ಪಿದ್ದಲ್ಲ. ಕನ್ನಡ ಮಕ್ಕಳಿಗೆ ಪ್ರತ್ಯೇಕವಾಗಿ ಕನ್ನಡದ ಪ್ರಶ್ನೆಪತ್ರಿಕೆ ಬೇಕೆಂದು ಹೇಳಹೊರಟವರು ನಿಘಂಟಿನಲ್ಲಿ ‘ಪ್ರತ್ಯೇಕಿಸು’ ಹುಡುಕಿ ‘ಕನ್ನಡ ಸ್ಟೂಡೆಂಟ್ಸ್ ಶುಡ್ ಬಿ ಡಿಸ್ಕ್ರಿಮಿನೇಟೆಡ್’ ಎಂದು ಬರೆದರೆ, ಕಚೇರಿಯಲ್ಲಿ ಅದನ್ನು ಓದಿದವರಿಗೆ ‘ನಮ್ಮ ಮಕ್ಕಳಿಗೆ ಭೇದ ಮಾಡಿರಿ’ ಎಂದು ನಾವೇ ಸಹಿ ಹಾಕಿ ಕೇಳಿಕೊಂಡಂತೆ ಕಾಣುತ್ತದೆ. ಬೇಕಾದುದನ್ನು ನೇರವಾಗಿ ಬರೆಯಬೇಕು: ‘ಕನ್ನಡ ಸ್ಟೂಡೆಂಟ್ಸ್ ಶುಡ್ ಬಿ ಗಿವನ್ ಕ್ವೆಶ್ಚನ್ ಪೇಪರ್ಸ್ ಇನ್ ಕನ್ನಡ’. ಭೇದ ಕೂಡದು ಎಂದು ಹೇಳುವುದಿದ್ದರೆ ‘ಕನ್ನಡ ಸ್ಟೂಡೆಂಟ್ಸ್ ಶುಡ್ ನಾಟ್ ಬಿ ಡಿಸ್ಕ್ರಿಮಿನೇಟೆಡ್ ಅಗೇನ್ಸ್ಟ್’. ವಾಕ್ಯದ ತುದಿಯಲ್ಲಿ ನೇತಾಡುತ್ತಿರುವ ಆ ‘ಅಗೇನ್ಸ್ಟ್’ ಹೆಚ್ಚಾಯಿತೆಂದು ತೋರಿದರೂ ಅದನ್ನು ಹೊಡೆದುಹಾಕಬೇಡಿ.