‘ಶ್ರೂಡ್’ ಎಂಬ ಮಾತೂ ತೆಂಗಿನ ಸೀಮೆಯ ಜಾಣತನವೂ

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಹಂದನಕೆರೆಯೆಂಬುದು ಒಂದು ಹೋಬಳಿಯ ಊರು. ತೆಂಗೇ ಈ ಸೀಮೆಯ ಬಾಳು. ಇಲ್ಲಿಯ ಮನೆಗಳಲ್ಲಿ ಬಲಿತ ಕಾಯಿಗಳನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೇರಿಸಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷವೇ, ಹಾಗೆಯೇ ಬಿಡುವುದು ವಾಡಿಕೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ.

ಆದರೆ ಕೊಬ್ಬರಿ ಆಯಿತೆಂದು ತಿಳಿಯುವುದು ಹೇಗೆ? ಕಣ್ಣಿಗೆ ಕಾಣುವುದು ಒಣಗಿದ ಸಿಪ್ಪೆ ಮಾತ್ರ. ಅನುಭವಸ್ಥನು ಕಾಯನ್ನು ಕಿವಿಯ ಬಳಿ ಹಿಡಿದು ಕುಲುಕುತ್ತಾನೆ. ನೀರಿನ ಸದ್ದಾದರೆ ಅದು ಮರಳಿ ಅಟ್ಟಕ್ಕೆ. ಗಿಟುಕು ಚಿಪ್ಪಿಗೆ ಬಡಿದು ಗಡಗಡ ಎಂದರೆ ಅಂಗಳಕ್ಕೆ. ಅವಸರಪಟ್ಟು ಒಡೆದರೆ ಹಸಿ ತಿರುಳು ಚಿಪ್ಪಿಗಂಟಿ ಚೂರಾಗುತ್ತದೆ; ಚೂರಿಗೆ ಉಂಡೆಯ ಬೆಲೆಯಿಲ್ಲ. ಮೈಮರೆತರೆ ಕೊಬ್ಬರಿ ಕೌಟಾದೀತು. ಒಂದು ಸಂಸಾರದ ವರ್ಷದ ಗಳಿಕೆ ಹೀಗೆ ಒಂದು ಕಿವಿಯ ತೀರ್ಮಾನವನ್ನು ಅವಲಂಬಿಸಿರುತ್ತದೆ.

ಹೊರಗಿನ ಸಿಪ್ಪೆಯನ್ನು ದಾಟಿ ಒಳಗಿನ ನಿಜವನ್ನು ಹಿಡಿಯುವ ಇಂಥ ಬುದ್ಧಿಗೆ ಇಂಗ್ಲಿಷಿನವರು ‘ಶ್ರೂಡ್’ ಎಂಬ ವಿಶೇಷಣವನ್ನು ಬಳಸುತ್ತಾರೆ. ಪುಸ್ತಕದ ಪಾಂಡಿತ್ಯಕ್ಕೆ ಈ ಮಾತು ಒಪ್ಪುವುದಿಲ್ಲ. ಹತ್ತು ಶಾಸ್ತ್ರಗಳನ್ನು ಓದಿದವನು ಶ್ರೂಡ್ ಆಗದೆ ಉಳಿಯಬಹುದು. ಅಕ್ಷರವರಿಯದ ಮುದುಕಿ ಶ್ರೂಡ್ ಆಗಿರಬಹುದು. ಲೋಕವ್ಯವಹಾರದಲ್ಲಿ ಜನರನ್ನೂ ಸಮಯವನ್ನೂ ಸರಿಯಾಗಿ ತೂಗಬಲ್ಲ ಹರಿತವೇ ಅದರ ತಿರುಳು. ಸ್ವಲ್ಪ ಸುಳಿವು ಹಿಡಿದು ಸರಿಯಾದುದನ್ನು ಊಹಿಸಿದರೆ ಅದು ‘ಶ್ರೂಡ್ ಗೆಸ್’; ವ್ಯಾಪಾರದ ಹದವರಿತು ಇಟ್ಟ ಹೆಜ್ಜೆ ‘ಶ್ರೂಡ್ ಮೂವ್’.

ಇಂದು ಹೀಗೆ ಮನ್ನಣೆಯ ಪೀಠದಲ್ಲಿ ಕುಳಿತಿರುವ ಈ ಮಾತಿನ ಹುಟ್ಟು ಮಾತ್ರ ಕುಲೀನವಾದುದಲ್ಲ. ಹಳೆಯ ಇಂಗ್ಲೆಂಡಿನಲ್ಲಿ ‘ಶ್ರೂ’ ಎಂದರೆ ದುಷ್ಟ. ಅದರಿಂದ ಬಂದ ‘ಶ್ರೂಡ್’ಗೆ ಹದಿನಾಲ್ಕನೆಯ ಶತಮಾನದಲ್ಲಿ ಕೇಡಿಗ, ಕೆಟ್ಟ ಎಂಬುದೇ ಅರ್ಥ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಕೀಟಲೆಯ ಯಕ್ಷನಿಗೂ ಕೆಟ್ಟ ಸುದ್ದಿಗೂ ಈ ಮಾತು ಅಂಟಿಕೊಂಡಿದೆ. ಆಮೇಲಾಮೇಲೆ ಕೇಡಿನ ವಿಷ ಇಳಿದು ಹರಿತವೊಂದೇ ಉಳಿಯಿತು, ಬೈಗುಳ ಹೊಗಳಿಕೆಯಾಯಿತು. ಇದಕ್ಕೆ ಎದುರಾದ ದಾರಿಯನ್ನು ಹಿಡಿದ ಮಾತುಗಳೂ ಆ ನುಡಿಯಲ್ಲುಂಟು. ಹಿಂದೆ ‘ಸಿಲ್ಲಿ’ ಎಂದರೆ ಧನ್ಯ, ಇಂದು ಪೆದ್ದ. ಹಿಂದೆ ‘ಕನ್ನಿಂಗ್’ ಎಂದರೆ ಬಲ್ಲವನು; ಇಂದು ಕಪಟಿ.

ಈ ಏರಿಳಿತ ಇಂಗ್ಲಿಷಿಗೆ ಮಾತ್ರ ಮೀಸಲೆಂದು ತಿಳಿಯಬೇಕಾಗಿಲ್ಲ. ಕನ್ನಡದ ‘ಜಾಣ’ನನ್ನೇ ನೋಡಬಹುದು. ‘ಜ್ಞಾ’ ಎಂಬ ಅರಿವಿನ ಧಾತುವಿಗೆ ಸಂಬಂಧಿಸಿದ ಈ ಮಾತು ಮಗುವನ್ನು ಮುದ್ದಿಸುವಾಗ ಶುದ್ಧವಾದ ಹೊಗಳಿಕೆ. ಆದರೆ ಕೇಳಿಯೂ ಕೇಳದಂತಿರುವವನದು ‘ಜಾಣಕಿವುಡು’, ಕಂಡೂ ಕಾಣದಂತಿರುವವನದು ‘ಜಾಣಕುರುಡು’. ಇಲ್ಲಿ ಅದೇ ಜಾಣತನಕ್ಕೆ ಸ್ವಾರ್ಥದ ಕೌಟು ತಗುಲಿದೆ. ಪಾರಸಿಯಿಂದ ಬಂದ ‘ಚಾಲಾಕಿ’ಯಲ್ಲಿ ಮೆಚ್ಚುಗೆಯೂ ಇದೆ, ಎಚ್ಚರಿಕೆಯೂ ಇದೆ. ‘ಸೂಕ್ಷ್ಮಮತಿ’ ಗೌರವದ ಮಾತು. ಆದರೆ ಸಂತೆಯಲ್ಲಿ ಅದನ್ನು ಆಡುವವರಿಲ್ಲ.

ಆದುದರಿಂದ ‘ಶ್ರೂಡ್’ಗೆ ಕನ್ನಡದಲ್ಲಿ ಏನೆಂದು ಬರೆಯಬೇಕೆಂಬ ವಿದ್ಯಾರ್ಥಿಯ ಪ್ರಶ್ನೆಗೆ ನಿಘಂಟೊಂದೇ ಉತ್ತರ ಕೊಡಲಾರದು. ಆ ಹರಿತ ಯಾರ ಹಿತಕ್ಕಾಗಿ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಬಂದ ರೈತನೊಬ್ಬನನ್ನು ಊಹಿಸಿಕೊಳ್ಳಿ. ಅವನ ಮಾಲನ್ನು ಒಬ್ಬ ವರ್ತಕ ಕಣ್ಣಳತೆಯಲ್ಲೇ ತೂಗಿ ನ್ಯಾಯವಾದ ಬೆಲೆ ಕಟ್ಟಿದರೆ ರೈತನ ಬಾಯಲ್ಲಿ ಅವನು ‘ಬಲ್ಲವನು’. ಅದೇ ಕಣ್ಣಿನಿಂದ ರೈತನ ಅವಸರವನ್ನು ಅಳೆದು, ಮಗಳ ಮದುವೆಯ ಖರ್ಚು ತಲೆಯ ಮೇಲಿದೆಯೆಂದು ತಿಳಿದು ಬೆಲೆಯನ್ನು ಇಳಿಸಿದರೆ ಅವನು ‘ಚಾಲಾಕಿನವನು’. ಇಂಗ್ಲಿಷಿನವನು ಇಬ್ಬರನ್ನೂ ಶ್ರೂಡ್ ಎಂದು ಸುಮ್ಮನಾಗಬಹುದು. ಕನ್ನಡಿಗನಿಗೆ ಆ ಅನುಕೂಲವಿಲ್ಲ.

ಈ ವಿಶೇಷಣವನ್ನು ಬಳಸುವಾಗ ಇನ್ನೊಂದು ಎಚ್ಚರವೂ ಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆ ಗೊತ್ತಾಗಿದ್ದರೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಕಂಗೆಟ್ಟರು. 2025ರಲ್ಲಿ ಅದೇ ಕೊಬ್ಬರಿಯ ಬೆಲೆ 20,000 ರೂಪಾಯಿಯನ್ನು ದಾಟಿತು. ಮೊದಲ ವರ್ಷ, ಕೊಬ್ಬರಿಯ ಗೋಜೇ ಬೇಡವೆಂದು ಕಾಯನ್ನು ಎಳನೀರಿಗೆ ಕೊಟ್ಟವನು ಶ್ರೂಡ್ ಎನಿಸಿಕೊಂಡಾನು. ಎರಡು ವರ್ಷ ಕಳೆದ ಮೇಲೆ, ಅಟ್ಟವನ್ನು ಬಿಡದ ಅವನ ನೆರೆಯವನಿಗೆ ಆ ಬಿರುದು ಸಂದೀತು. ಇಬ್ಬರ ಬುದ್ಧಿಯೂ ನಡುವೆ ಬದಲಾಗಿರಲಿಲ್ಲ; ಬದಲಾದುದು ಪೇಟೆ. ಫಲವನ್ನು ಕಂಡಮೇಲೆ ಬುದ್ಧಿಗೆ ಹೆಸರಿಡುವುದು ಸುಲಭ. ಕಾಯನ್ನು ಕುಲುಕುವವನ ತೀರ್ಮಾನವಾದರೋ ಒಡೆಯುವುದಕ್ಕೆ ಮುಂಚಿನದು. ತಪ್ಪಿದರೆ ನಷ್ಟ ತನ್ನದೇ. ಆ ಮಾತು ನಿಜವಾಗಿ ಸಲ್ಲಬೇಕಾದದ್ದು ಅಂಥವನಿಗೆ.

ಇಂಥ ಅರ್ಥದ ಜಾಡನ್ನು ಹಿಡಿದು ನಡೆದ ವಿದ್ವಾಂಸರೊಬ್ಬರು ಇದೇ ತಾಲ್ಲೂಕಿನವರೆಂಬುದು ಸಂತೋಷದ ಸಂಗತಿ. ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಸಂಸ್ಕೃತ ಆಲಂಕಾರಿಕರ ವಿಚಾರಗಳನ್ನು ಕನ್ನಡ ಓದುಗರ ಬಳಿಗೆ ತಂದರು. ಆ ಆಲಂಕಾರಿಕರ ಸಾಲಿನಲ್ಲಿ ಮಮ್ಮಟನದು ದೊಡ್ಡ ಹೆಸರು. ಶಬ್ದವೊಂದು ರೂಢಿಯ ಬಲದಿಂದ ಮೂಲಾರ್ಥವನ್ನು ಬಿಟ್ಟು ಬೇರೊಂದು ಅರ್ಥಕ್ಕೆ ಸಲ್ಲುವುದಕ್ಕೆ ಅವನು ‘ಕಾವ್ಯಪ್ರಕಾಶ’ದಲ್ಲಿ ಕೊಟ್ಟ ಉದಾಹರಣೆಯೇ ‘ಕುಶಲ’. ಕುಶಲನೆಂದರೆ ಮೂಲದಲ್ಲಿ ದರ್ಭೆಯನ್ನು ಕಿತ್ತು ತರುವವನು ಎಂಬುದು ಪರಂಪರೆಯ ವಿವರಣೆ. ದರ್ಭೆಯ ಅಂಚು ಹರಿತ. ಎಚ್ಚರದಪ್ಪಿ ಕೈಯಿಟ್ಟರೆ ಬೆರಳು ಕೊಯ್ಯುತ್ತದೆ. ಗಾಯವಾಗದಂತೆ ಅದನ್ನು ತರಬಲ್ಲವನ ಹೆಸರೇ ಎಲ್ಲ ಬಗೆಯ ನಿಪುಣರ ಹೆಸರಾಯಿತು.

ಕನ್ನಡಿಗರು ಇದೇ ಮಾತಿನಿಂದ ‘ಕುಶಲವೇ?’ ಎಂದು ಯೋಗಕ್ಷೇಮವನ್ನೂ ವಿಚಾರಿಸುತ್ತಾರೆ. ಪಾರಸಿಯ ಮೂಲದ ‘ಹುಷಾರು’ ಕೂಡ ಹಾಗೆಯೇ: ಹುಷಾರಾಗಿರು ಎಂದರೆ ಎಚ್ಚರದಿಂದಿರು, ಹುಷಾರಾಗಿದ್ದಾನೆ ಎಂದರೆ ಆರೋಗ್ಯವಾಗಿದ್ದಾನೆ. ಎರಡು ಬೇರೆಬೇರೆ ನುಡಿಗಳಿಂದ ಬಂದ, ಬುದ್ಧಿಯ ಹರಿತವನ್ನು ಹೇಳುವ ಎರಡು ಮಾತುಗಳು ಈ ನಾಡಿನ ಬಾಯಲ್ಲಿ ಕ್ಷೇಮವನ್ನು ಹೇಳುವ ಮಾತುಗಳಾಗಿವೆ. ತನ್ನ ಕೈಯನ್ನೂ ಕೊಯ್ಯದೆ ಪರರ ಕೈಯನ್ನೂ ಕೊಯ್ಯದೆ ಕೆಲಸ ಸಾಧಿಸುವ ಹರಿತವೇ ಮೆಚ್ಚತಕ್ಕದ್ದೆಂಬುದು ಈ ರೂಢಿಯ ಇಂಗಿತವಾಗಿರಬೇಕು. ಮುಂದೆ ಯಾರನ್ನಾದರೂ ‘ಶ್ರೂಡ್’ ಎಂದು ಕರೆಯುವ ಮುನ್ನ, ಕಾಯನ್ನು ಕುಲುಕಿದಂತೆ ಆ ಮಾತನ್ನೂ ಒಮ್ಮೆ ಕಿವಿಯ ಬಳಿ ಕುಲುಕಿ ನೋಡುವುದು ಒಳ್ಳೆಯದು.