ಇಳಿಜಾರಲ್ಲಿ ನಿಂತ ಕಾರನ್ನು ಹಿಡಿದಿಡೋದು ಯಾವುದು?

ಹೋದ ಮಳೆಗಾಲ ಚಾರ್ಮಾಡಿ ಘಾಟಿ ಹತ್ತುವಾಗ ಕಾರು ನಿಲ್ಲಿಸಿ ಕೆಳಗಿಳಿದಿದ್ದೆ. ಹ್ಯಾಂಡ್‌ಬ್ರೇಕ್ ಅರ್ಧವಷ್ಟೇ ಎಳೆದಿದ್ದೆ. ಕಾರು ಮೆಲ್ಲಗೆ ಹಿಂದಕ್ಕೆ ಉರುಳತೊಡಗಿತು. ಒಳಗೆ ಮಗಳು ಮಲಗಿದ್ದಳು! ಲಾರಿ ಡ್ರೈವರ್ ಒಬ್ಬರು ಓಡಿಬಂದು ಚಕ್ರದ ಹಿಂದೆ ಕಲ್ಲು ಕೊಟ್ಟರು. ಕಾರು ನಿಂತಿತು.

ಆ ಕಲ್ಲು ಮಾಡಿದ್ದೇನು? ನೋಡಿ, ಕಾರಿನ ತೂಕ ನೇರ ಕೆಳಕ್ಕೆ ಎಳೆಯುತ್ತೆ. ಇಳಿಜಾರಿನಲ್ಲಿ ಆ ಬಲವನ್ನು ಎರಡು ಪಾಲು ಮಾಡಿಕೊಳ್ಳೋಣ. ಒಂದು ಪಾಲು ರಸ್ತೆಯನ್ನು ಒತ್ತುತ್ತೆ; ರಸ್ತೆಯೂ ಅಷ್ಟೇ ಬಲದಿಂದ ತಿರುಗಿ ಒತ್ತುತ್ತೆ. ಅಲ್ಲಿಗೆ ಆ ಲೆಕ್ಕ ಚುಕ್ತಾ. ಇನ್ನೊಂದು ಪಾಲು ಇಳಿಜಾರಿನ ಗುಂಟ ಕೆಳಗೆಳೆಯುತ್ತೆ. 10 ಮೀಟರ್ ರಸ್ತೆಗೆ 1 ಮೀಟರ್ ಏರಿದ್ದರೆ ಈ ಪಾಲು ತೂಕದ ಹತ್ತನೇ ಒಂದು ಭಾಗ. ಅಂದ್ರೆ 1000 ಕೆ.ಜಿ. ಕಾರಿಗೆ 100 ಕೆ.ಜಿ. ಭಾರದಷ್ಟು ಎಳೆತ.

ಇದಕ್ಕೆ ಸಮನಾಗಿ ಟೈರು-ರಸ್ತೆ ನಡುವಿನ ಘರ್ಷಣೆ ಮೇಲಕ್ಕೆ ಹಿಡಿಯಬೇಕು. ಆದರೆ ಚಕ್ರ ತಿರುಗದಂತೆ ಬ್ರೇಕ್ ಬಿಗಿಹಿಡಿದರೆ ಮಾತ್ರ ಅದು ಸಾಧ್ಯ. ನನ್ನ ಸಡಿಲ ಬ್ರೇಕಿನ ಕೊರತೆಯನ್ನು ತುಂಬಿದ್ದು ಆ ಕಲ್ಲು.

ಏರು 30 ಡಿಗ್ರಿಯಾದರೆ ಎಳೆತ ತೂಕದ ಅರ್ಧದಷ್ಟಾಗುತ್ತೆ. ರಸ್ತೆ ಒದ್ದೆಯಾದರೆ ಘರ್ಷಣೆಯ ಮಿತಿಯೂ ಇಳಿಯುತ್ತೆ. ಹಾಗಾಗಿ ಈಗ ನಾನು ಬ್ರೇಕ್ ಪೂರ್ತಿ ಎಳೆದು, ಗೇರ್ ಹಾಕಿ, ಕಲ್ಲೂ ಕೊಟ್ಟೇ ಹೋಗೋದು. ನೀವೂ ಅಷ್ಟೇ ಮಾಡಿ.