ತಿಳಿಯದಿದ್ದರೆ ಹೇಳೋಣ

ಹೊಸ ರವಿಕೆ ತೊಟ್ಟು ನೋಡ್ತೇವೆ. ಬಿಗಿಯಾದರೆ ದರ್ಜಿಗೆ ಹೇಳ್ತೇವೆ. ಕಂಪ್ಯೂಟರ್ ಕೆಲಸವೂ ಹಾಗೇ.

2006ರ ಸುಮಾರಿನ ಮಾತು. ಬೆಂಗಳೂರಿನಲ್ಲಿ ಮನೆಗೆಲಸ ಮಾಡುವ, ಓದು ಬಾರದ ಹೆಂಗಸರು ಕಂಪ್ಯೂಟರಿನಲ್ಲಿ ತಾವೇ ಕೆಲಸ ಹುಡುಕುವಂತಾಗಬೇಕಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು ಅಕ್ಷರದ ಬದಲು ಚಿತ್ರ, ಮಾತು ಇಟ್ಟು ಮೊದಲು ಒಂದು ಮಾದರಿ ಮಾಡಿದರು. ಆ ಹೆಂಗಸರಿಗೇ ತೋರಿಸಿದರು.

ಬರೀ ಸಾಮಾನಿನ ಚಿತ್ರ ನೋಡಿದರೆ ಯಾವ ಕೆಲಸ ಅಂತ ತಿಳಿಯಲಿಲ್ಲ. ನಲ್ಲಿಯಿಂದ ನೀರು ಸುರಿಯುವಂತೆ, ಪಾತ್ರೆಯಿಂದ ಹಬೆ ಏಳುವಂತೆ ಬರೆದಾಗ ಕೂಡಲೇ ತಿಳಿಯಿತು. ತಪ್ಪು ಚಿತ್ರದ್ದು, ಹೆಂಗಸರದ್ದಲ್ಲ. ಅವರ ಮಾತು ಕೇಳಿ ಮಾದರಿಯನ್ನು ತಿದ್ದಿದರು.

ಅಕ್ಕ ತಂಗಿಯರೇ, ಬ್ಯಾಂಕಿನ ಯಂತ್ರವಿರಲಿ, ಮೊಬೈಲ್ ಇರಲಿ, ತಿಳಿಯದಿದ್ದರೆ ‘ತಿಳಿಯಲಿಲ್ಲ’ ಅನ್ನೋಣ. ನಾಚಿಕೆ ಬೇಡ. ನಾವು ಹೇಳಿದರೆ ತಾನೇ ಮಾಡುವವರು ತಿದ್ದುವುದು?